ಲಾಂಛನಕ್ಕೆ ಸಾಲದ ಬೆನ್ನು

ಸ್ಫಾಕ್ಸ್ ಊರಿನ ಮೋಂಜಿ ಕಮ್ಮೂನ್ ಹುಟ್ಟಿದಾಗ ಸೂಲಗಿತ್ತಿ ಅವನನ್ನು ಅಂಗೈಯಲ್ಲಿ ತೂಗಿ ನೋಡಿ, "ಮನೆತನದ ಹೆಸರಿಗೆ ತಕ್ಕ ಹಾಗೆ ಬಂದಿದ್ದಾನೆ" ಅಂದಳಂತೆ. ಕಮ್ಮೂನ್ ಅಂದರೆ ಜೀರಿಗೆ. ತಾಯಿಗೆ ಆ ಮಾತು ಮುಳ್ಳಿನ ಹಾಗೆ ನಾಟಿತು. ಅಂದಿನಿಂದ ಅವಳು ಮಗನಿಗೆ ಖರ್ಜೂರ ತಿನ್ನಿಸಿದಳು, ಬೆಳಿಗ್ಗೆ ಎದ್ದ ಕೂಡಲೇ ಆಲಿವ್ ಎಣ್ಣೆ ಕುಡಿಸಿದಳು, ಕುರಿಯ ಬಾಲದ ಕೊಬ್ಬನ್ನು ರೊಟ್ಟಿಯೊಳಗೆ ಬಚ್ಚಿಟ್ಟು ಕೊಟ್ಟಳು. ಹುಡುಗ ಎಲ್ಲವನ್ನೂ ತಿಂದ. ತಿಂದದ್ದು ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ.

ಸೈನ್ಯಕ್ಕೆ ಆಳು ತೆಗೆದುಕೊಳ್ಳುವ ದಿನ ಮೋಂಜಿ ವೈದ್ಯರ ಮುಂದೆ ಹೋಗಿ ನಿಂತರೆ, ಅವರು ಬಾಗಿಲ ಕಡೆ ನೋಡುತ್ತ "ಯಾರಪ್ಪಾ ಮುಂದಿನವರು, ಬನ್ನಿ ಒಳಗೆ" ಅಂದರು. ಅಂಚೆ ಕಚೇರಿಯಲ್ಲಿ ಕೆಲಸ ಸಿಕ್ಕಿದ ಮೇಲೂ ಅದೇ ಕತೆ. ಅವನು ಕಿಟಕಿಯ ಹಿಂದೆ ಕೂತಿದ್ದಂತೆಯೇ ಜನ ಒಳಗೆ ಬಗ್ಗಿ "ಯಾರಾದ್ರೂ ಇದ್ದೀರಾ?" ಎಂದು ಕೂಗುತ್ತಿದ್ದರು. ಬೇಕರಿಯ ಸಾಲಿನಲ್ಲಿ ಅವನ ಮುಂದೆ ನಿಂತವನಿಗೂ ಹಿಂದೆ ನಿಂತವನಿಗೂ ನಡುವೆ ಯಾರೋ ಒಬ್ಬರಿದ್ದಾರೆ ಎಂಬ ಅನುಮಾನ ಸುಳಿಯುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಅವನ ಹೆಂಡತಿ ನಜೀಹಾಳ ಜರತಾರಿ ತೋಳು ಅವನ ಮುಕ್ಕಾಲು ಭಾಗವನ್ನು ಮುಚ್ಚಿಬಿಟ್ಟಿದೆ. ಉಳಿದ ಕಾಲು ಭಾಗ ನಗುತ್ತಿದೆ. ಮೋಂಜಿಗೆ ಇದರಿಂದ ಬೇಸರವಾಗುತ್ತಿತ್ತೇ ಎಂದರೆ, ಆಗುತ್ತಿರಲಿಲ್ಲ ಅಂತಲೇ ಅವನು ಹೇಳುತ್ತಿದ್ದ. ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದ.

ನಿವೃತ್ತಿಯಾದ ಮೇಲೆ ಅವನಿಗೆ ಉಳಿದದ್ದು ಒಂದು ನೀಲಿ ಮೊಪೆಡ್ಡು, ಮತ್ತು ಅದರಿಂದಾಗಿ ಸಿಕ್ಕ ಗೆಳೆಯರು. ಬಾಬ್ ದಿವಾನ್ ಹೆಬ್ಬಾಗಿಲ ಹೊರಗಿನ ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ಹಳೆ ಮೊಪೆಡ್ಡಿನ ಗಂಡಸರದ್ದೊಂದು ಕೂಟ ಅದು. ಭಾನುವಾರ ಬಂತೆಂದರೆ ಎಲ್ಲರೂ ಸಾಲಾಗಿ, ಹೊಗೆ ಬಿಡುತ್ತ, ಸಿದಿ ಮನ್ಸೂರಿನ ಸಮುದ್ರದಂಡೆಗೆ ಹೋಗಿ, ಸುಟ್ಟ ಮೀನು ತಿಂದು, ಹೊಗೆ ಬಿಡುತ್ತ ವಾಪಸು ಬರುವುದು. ಇದರಾಚೆ ಆ ಕೂಟಕ್ಕೆ ಬೇರೆ ಉದ್ದೇಶವಿರಲಿಲ್ಲ. ಹಾಗಾಗಿ ಜಗಳವೂ ಇರಲಿಲ್ಲ.

ಜಗಳ ತಂದವನು ಅಧ್ಯಕ್ಷ ಸಾದೋಕ್ ಶಾಬೂನಿ. ಟೈರ್ ಅಂಗಡಿಯ ಸಾದೋಕನ ಬೆನ್ನು ಅವನು ಮಾರುವ ಲಾರಿ ಟೈರಿನಷ್ಟೇ ಅಗಲ. ಅವನು ಯಾವುದೋ ಕೆಲಸಕ್ಕೆ ಸೂಸ್ ಪಟ್ಟಣಕ್ಕೆ ಹೋಗಿದ್ದಾಗ ಅಲ್ಲಿ ಒಂದು ಗುಂಪಿನ ಬೈಕ್ ಸವಾರರನ್ನು ಕಂಡ. ಎಲ್ಲರೂ ತೋಳಿಲ್ಲದ ಕಪ್ಪು ಕೋಟು ಹಾಕಿದ್ದರು, ಒಬ್ಬೊಬ್ಬರ ಬೆನ್ನ ಮೇಲೂ ದಾರದಲ್ಲಿ ಹೊಲಿದ ದೊಡ್ಡ ಹದ್ದು. ಸಾದೋಕ್ ಆ ಸಂಕಟ ತಡೆಯಲಾರದೆ ಊರಿಗೆ ಬಂದು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ.

"ಅವರ ಬೆನ್ನ ಮೇಲೆ ಹದ್ದಿದೆ. ನಮ್ಮ ಬೆನ್ನ ಮೇಲೆ ಏನಿದೆ? ಬೆವರು!"

ಲಾಂಛನ ಬೇಕೇ ಬೇಕು ಎಂದು ಎಲ್ಲರೂ ಒಪ್ಪಿದರು. ಆದರೆ ಲಾಂಛನಕ್ಕೆ ಹೆಸರು ಬೇಕು. ಕೂಟಕ್ಕೆ ಹೆಸರೇ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಪದ ಕೊಟ್ಟರು. ಯಾರ ಪದವನ್ನೂ ಬಿಟ್ಟು ಅವರನ್ನು ನೋಯಿಸುವ ಹಾಗಿರಲಿಲ್ಲ. ಕೊನೆಗೆ ನಿಂತ ಹೆಸರು: 'ಸ್ಫಾಕ್ಸ್ ಸಜ್ಜನರ ಹಳೆಯ ಮೊಪೆಡ್ ಪ್ರಿಯರ ಸ್ನೇಹಕೂಟ.' ಚಿತ್ರಕ್ಕೆ ಮೊಪೆಡ್ಡು ಓಡಿಸುವ ಅಷ್ಟಪದಿ, ಅಂದರೆ ಎಂಟು ಕಾಲಿನ ಆಕ್ಟೋಪಸ್. ಇದನ್ನು ಸೂಚಿಸಿದವನು ಅಷ್ಟಪದಿ ಹಿಡಿದು ಮಾರುವ ಶೆದ್ಲಿ.

ಹಳೇ ಪೇಟೆಯ ಓಣಿಯಲ್ಲಿ ಕಸೂತಿ ಯಂತ್ರ ಇಟ್ಟುಕೊಂಡಿದ್ದ ಹಯಾತ್ ಎಂಬ ಹೆಂಗಸಿನ ಅಂಗಡಿಗೆ ಕೂಟ ಇಡಿಯಾಗಿ ನುಗ್ಗಿತು. ಅವಳು ಹೆಸರನ್ನು ಓದಿ, ಚಿತ್ರವನ್ನು ನೋಡಿ, ಕನ್ನಡಕ ತೆಗೆದಳು.

"ಅಂಗೈ ಅಗಲದ್ದು ಸಾಕು ಅಂತ ತಾನೇ ಮೊದಲು ಹೇಳಿದ್ದು? ಅಂಗೈ ಅಗಲದಲ್ಲಿ ಇಷ್ಟು ಅಕ್ಷರ ಹೊಲಿದ್ರೆ ಇರುವೆ ಸಾಲು ಕಾಣುತ್ತೆ. ಒಂದೆರಡು ಪದ ತೆಗೀರಿ."

"ಆಗಲ್ಲ ಹಯಾತಮ್ಮಾ," ಅಂದ ಸಾದೋಕ್. "ಒಂದೊಂದು ಪದಕ್ಕೂ ವಾರಸುದಾರರಿದ್ದಾರೆ."

"ಹಂಗಾದ್ರೆ ಈ ಪ್ರಾಣಿದು ಮೂರು ಕಾಲಾದ್ರೂ ತೆಗೀರಿ."

ಶೆದ್ಲಿ ಎದ್ದು ನಿಂತ. "ಯಾವ ಮೂರು?"

ಹಯಾತ್ ಮತ್ತೆ ಕನ್ನಡಕ ಹಾಕಿಕೊಂಡಳು. ಇಂಥವರನ್ನು ಅವಳು ಬಹಳ ಕಂಡಿದ್ದಳು. ಅಕ್ಷರ ಕಾಣಬೇಕು, ಎಂಟು ಕಾಲೂ ಇರಬೇಕು ಅಂದರೆ ಬೆನ್ನು ತುಂಬುವಷ್ಟು ದೊಡ್ಡದೇ ಆಗಬೇಕು ಎಂದು ಹೇಳಿ ಟೇಪು ತೆಗೆದಳು. ಅಂಗಡಿ ಇಕ್ಕಟ್ಟು. ಎದುರಿಗೆ ಸಾದೋಕನ ಬೆನ್ನಿತ್ತು. ಅದು ಇದ್ದುದರಿಂದ ಬೇರೆ ಯಾವ ಬೆನ್ನೂ ಕಾಣುತ್ತಿರಲಿಲ್ಲ. ಅದನ್ನೇ ಅಳೆದಳು. ಎರಡು ಗೇಣಿನ ಮೇಲೆ ನಾಲ್ಕು ಬೆರಳು. ಅದೇ ಅಳತೆಯಲ್ಲಿ ಎಲ್ಲರಿಗೂ ಲಾಂಛನ ಸಿದ್ಧವಾಯಿತು.

ಮೋಂಜಿಯ ಬೆನ್ನು ಒಂದು ಗೇಣಿನ ಮೇಲೆ ಸ್ವಲ್ಪ.

ಕೋಟಿಗೆ ಹೊಲಿಸಿ ಹಾಕಿಕೊಂಡಾಗ ಲಾಂಛನದ ಎರಡೂ ತುದಿ ಅವನ ಕಂಕುಳೊಳಗೆ ಹೊಕ್ಕು ಮಾಯವಾದವು. ಬರಹ ಅರಬ್ಬಿ, ಬಲದಿಂದ ಎಡಕ್ಕೆ; ಹಾಗಾಗಿ 'ಸ್ಫಾಕ್ಸ್ ಸಜ್ಜನರ' ಬಲ ಕಂಕುಳಿಗೆ ಹೋಯಿತು, 'ಪ್ರಿಯರ ಸ್ನೇಹಕೂಟ' ಎಡ ಕಂಕುಳಿಗೆ. ಹಿಂದಿನಿಂದ ನೋಡುವವರಿಗೆ ಉಳಿದದ್ದು 'ಹಳೆಯ ಮೊಪೆಡ್' ಎಂಬ ಎರಡೇ ಪದ, ಕೆಳಗೆ ಕಾಲಿಲ್ಲದ ಒಂದು ಬೋಳು ತಲೆ.

ಮೊದಲ ದಿನವೇ ತರಕಾರಿ ಪೇಟೆಯ ಹತ್ತಿರ ಒಬ್ಬ ಅಡ್ಡ ನಿಂತ. "ಚಾಚಾ, ಎಷ್ಟಕ್ಕೆ ಕೊಡ್ತೀರಿ?"

"ಏನನ್ನ?"

"ಬೆನ್ನ ಮೇಲೆ ಬರೆಸ್ಕೊಂಡು ಓಡಾಡ್ತಿದ್ದೀರಲ್ಲ, ಹಳೇ ಮೊಪೆಡ್ಡು. ಇದೇ ತಾನೇ?" ಎಂದು ಅವನು ಬಗ್ಗಿ ನೀಲಿ ಗಾಡಿಯ ಸರಪಳಿ ಎಳೆದು ನೋಡಿದ.

ಮೋಂಜಿ ಎರಡೂ ಕೈ ಮೇಲೆತ್ತಿ ಕಂಕುಳು ತೋರಿಸಿ, ಇದು ಸಜ್ಜನರ ಸ್ನೇಹಕೂಟ ಎಂದು ವಿವರಿಸಿದ. ಕೈ ಮೇಲೆತ್ತಿ ಕಂಕುಳು ತೋರಿಸುವ ಸಜ್ಜನನನ್ನು ಆ ಮನುಷ್ಯ ಅದುವರೆಗೆ ಕಂಡಿರಲಿಲ್ಲ. ಒಂದು ವಾರದಲ್ಲಿ ಹೀಗೆ ಗಿರಾಕಿಗಳು ಹೆಚ್ಚುತ್ತ ಹೋದರು. ಒಬ್ಬನಂತೂ ಮನೆ ಬಾಗಿಲಿಗೇ ಬಂದು ಚೌಕಾಸಿ ಶುರು ಮಾಡಿದ.

ಮೋಂಜಿ ಕೂಟದಲ್ಲಿ ಮೆಲ್ಲಗೆ ವಿಷಯ ತೆಗೆದ. ತನಗೆ ಮಾತ್ರ ಸ್ವಲ್ಪ ಚಿಕ್ಕದೊಂದು ಹೊಲಿಸಬಹುದೇ?

ಸಾದೋಕನ ಮುಖ ಗಂಭೀರವಾಯಿತು. "ಮೋಂಜಿ, ತಮ್ಮಾ, ಯೋಚನೆ ಮಾಡು. ಇವತ್ತು ನಿನಗೆ ಚಿಕ್ಕ ಲಾಂಛನ ಕೊಟ್ರೆ ನಾಳೆ ಜನ ನಿನ್ನ ಚಿಕ್ಕ ಸದಸ್ಯ ಅಂತಾರೆ. ನಮ್ಮಲ್ಲಿ ಚಿಕ್ಕೋರು ದೊಡ್ಡೋರು ಅಂತಿಲ್ಲ. ಎಲ್ಲರಿಗೂ ಒಂದೇ ಅಳತೆ."

"ಅದು ನಿಮ್ಮ ಬೆನ್ನಿನ ಅಳತೆ, ಸೀ ಸಾದೋಕ್," ಅಂದ ಮೋಂಜಿ, ಗೌರವದ 'ಸೀ' ಬಿಡದೆ.

"ನನ್ನದಲ್ಲ, ಈಗ ಅದು ಕೂಟದ್ದು."

ಕೈ ಎತ್ತಿಸಿ ಮತ ಕೇಳಿದರು. ಲಾಂಛನದ ಅಳತೆ ಬದಲಾಯಿಸುವ ಹಾಗಿಲ್ಲ, ಬೆನ್ನನ್ನು ಬದಲಾಯಿಸಬಹುದು ಎಂದು ತೀರ್ಮಾನವಾಯಿತು. ಮೋಂಜಿಯನ್ನು ದಪ್ಪ ಮಾಡುವ ಹೊಣೆಯನ್ನು ಕೂಟವೇ ಹೊತ್ತುಕೊಂಡಿತು. ತನ್ನ ವಿರುದ್ಧ ಎತ್ತಿದ ಕೈಗಳಲ್ಲಿ ತನ್ನದೂ ಒಂದಿತ್ತು ಎಂಬುದು ಮೋಂಜಿಗೆ ಮನೆಗೆ ಬಂದ ಮೇಲೆ ನೆನಪಾಯಿತು. ಎಲ್ಲರ ಜೊತೆ ಎತ್ತಿಬಿಟ್ಟಿದ್ದ.

ಮರುದಿನದಿಂದ ಸದಸ್ಯರು ಸರದಿಯ ಮೇಲೆ ಮನೆಗೆ ಬರತೊಡಗಿದರು. ಸಾದೋಕ್ ಹುರಿದ ಗೋಧಿ ಹಿಟ್ಟಿಗೆ ಆಲಿವ್ ಎಣ್ಣೆ ಸುರಿದು ಕಲಸಿದ ಬ್ಸೀಸಾ ಹೊತ್ತು ತಂದ. ಶೆದ್ಲಿ ಅಷ್ಟಪದಿ ಹಾಕಿದ ಗೋಧಿ ರವೆಯ ಕುಸ್‌ಕುಸ್ ತಂದ. ಅತಿಥಿಗಳೆದುರು ಒಬ್ಬನೇ ಉಣ್ಣುವುದು ಮರ್ಯಾದೆಯಲ್ಲ ಎಂದು ಮೋಂಜಿ ಅವರಿಗೂ ಬಡಿಸಿದ. ಬೇಡ ಅನ್ನುವುದು ಮರ್ಯಾದೆಯಲ್ಲ ಎಂದು ಅವರೂ ಉಂಡರು.

ನಜೀಹಾ ಮೊದಲೆರಡು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಮೂರನೆಯ ದಿನ ಸಿಡಿದಳು.

"ಮೂವತ್ತು ವರ್ಷದಿಂದ ನಾನು ಬೇಯಿಸಿ ಹಾಕಿದ್ದು ಹುಲ್ಲಾ? ಊರ ಗಂಡಸರೆಲ್ಲ ಪಾತ್ರೆ ಹೊತ್ಕೊಂಡು ಬಂದು ನನ್ನ ಗಂಡನಿಗೆ ಉಣ್ಣಿಸ್ತಾರೆ! ಅದೂ ಯಾಕೆ? ಒಂದು ತೇಪೆಗೋಸ್ಕರ!"

"ತೇಪೆ ಅಲ್ಲ ನಜೀಹಾ, ಲಾಂಛನ."

"ಬಟ್ಟೆ ಮೇಲೆ ಬಟ್ಟೆ ಹೊಲಿದ್ರೆ ತೇಪೆ. ನಮ್ಮಮ್ಮ ಹಂಗೇ ಹೇಳಿಕೊಟ್ಟಿದ್ದು."

ಅಷ್ಟು ಹೇಳಿದವಳು ತೋಳು ಮಡಿಸಿ ತಾನೇ ಕಣಕ್ಕಿಳಿದಳು. ಎಳ್ಳು, ಹೇಝಲ್ ಬೀಜ ಹುರಿದು ಕುಟ್ಟಿ, ಬೆಣ್ಣೆ, ಜೇನು ಸೇರಿಸಿ, ದೊಡ್ಡ ಬೋಗುಣಿ ತುಂಬ ಝ್ರೀರ್ ಮಾಡಿದಳು. ಕಡ್ಡಿಯನ್ನೂ ಕಂಬ ಮಾಡುವ ತಿಂಡಿ ಅದು. ತೊಂದರೆ ಏನೆಂದರೆ, ಸ್ಫಾಕ್ಸಿನಲ್ಲಿ ಝ್ರೀರ್ ಮಾಡುವುದು ಬಾಣಂತಿಗೆ ಮಾತ್ರ. ಮಗು ನೋಡಲು ಬಂದವರಿಗೂ ಅದನ್ನೇ ಪುಟ್ಟ ಬಟ್ಟಲಲ್ಲಿ ಕೊಡುತ್ತಾರೆ.

ಕುಟ್ಟುವ ಸದ್ದು ಮತ್ತು ಜೇನಿನ ಘಮ ಗೋಡೆ ದಾಟಿತು. ಪಕ್ಕದ ಮನೆಯ ಫತ್ತೂಮಾ ಬಾಗಿಲು ತಟ್ಟಿದಳು. "ನಜೀಹಾ! ಈ ವಯಸ್ಸಲ್ಲಾ? ದೇವರು ದೊಡ್ಡವನು. ಗಂಡೋ ಹೆಣ್ಣೋ?"

"ಯಾವುದೂ ಅಲ್ಲ ಕಣೇ. ಇದು ಮೋಂಜಿಗೆ."

"ಮಾಡಿದ್ದು ಯಾರಿಗಾದ್ರೂ ಆಗ್ಲಿ, ಬಂದೋಳಿಗೆ ಒಂದು ಬಟ್ಟಲು ಕೊಡೋದಿಲ್ವಾ?"

ಮನೆಗೆ ಬಂದವಳಿಗೆ ಇಲ್ಲವೆನ್ನಲಾಗದೆ ನಜೀಹಾ ಕೊಟ್ಟಳು. ಅಲ್ಲಿಗೆ ಕೆಲಸ ಕೆಟ್ಟಿತು. ಬಟ್ಟಲು ಕೊಟ್ಟ ಮೇಲೆ ಮಗು ಇಲ್ಲ ಎಂಬ ಮಾತಿಗೆ ಬೆಲೆಯಿಲ್ಲ. ದೃಷ್ಟಿಯಾದೀತೆಂದು ಮುಚ್ಚಿಡುತ್ತಿದ್ದಾಳೆ ಎಂದೇ ಅರ್ಥ. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಂದು ಪಡಸಾಲೆ ತುಂಬಿದರು. ಉಣ್ಣೆಯ ಟೊಪ್ಪಿ, ಕಾಲುಚೀಲ, ಬೆಳ್ಳಿಯ ಗಿಲಕಿ ಬಂದವು. ನಜೀಹಾ ಒಬ್ಬೊಬ್ಬರಿಗೂ ಇಲ್ಲ ಇಲ್ಲ ಅನ್ನುತ್ತಲೇ ಒಬ್ಬೊಬ್ಬರಿಗೂ ಒಂದು ಬಟ್ಟಲು ಕೊಟ್ಟಳು. ಒಳಗಿನ ಕೋಣೆಯಲ್ಲಿ ಮೋಂಜಿ ಹೊಟ್ಟೆ ಹಿಡಿದುಕೊಂಡು ಮಲಗಿ ನರಳುತ್ತಿದ್ದ. ಅದನ್ನು ಕೇಳಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಬಂದವಳು ಮೋಂಜಿಯ ಸೋದರತ್ತೆ ಬೇಯಾ. ತೊಂಬತ್ತು ದಾಟಿದ ಆಕೆಗೆ ಕಣ್ಣು ಕಾಣುವುದಿಲ್ಲ, ಕಿವಿ ಅರೆಬರೆ. ಆಕೆ ನೇರವಾಗಿ ಒಳಕೋಣೆಗೆ ನಡೆದು ಮಂಚವನ್ನು ತಡವಿದಳು. ಧೂಳು ತಾಗದಿರಲೆಂದು ಮೋಂಜಿ ತನ್ನ ಕೋಟನ್ನು ಮಡಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅತ್ತೆ ಆ ಗಂಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಬಟ್ಟೆ ಸರಿಸಿ ದಪ್ಪ ಕಸೂತಿಯ ಮೇಲೆ ಬೆರಳಾಡಿಸಿದಳು.

"ಮೈ ಗಟ್ಟಿಯಾಗಿದೆ, ನಿನ್ನ ಹಂಗಲ್ಲ," ಅಂದಳು. ಬೆರಳು ಅಷ್ಟಪದಿಯ ಕಾಲುಗಳನ್ನು ಒಂದೊಂದಾಗಿ ಎಣಿಸಿತು. ಆಕೆ ಇನ್ನೊಮ್ಮೆ ಮೊದಲಿಂದ ಎಣಿಸಿದಳು. "ಕೈಕಾಲು ಒಂದಿಷ್ಟು ಜಾಸ್ತಿನೇ ಇವೆ. ಇರ್ಲಿ ಬಿಡು ಮಗನೇ, ಕಮ್ಮಿ ಇರೋದಕ್ಕಿಂತ ಮೇಲು. ಕೊಟ್ಟೋನಿಗೆ ಗೊತ್ತು."

ಇದು ಕೂಸಲ್ಲ, ಕೋಟು ಅನ್ನಲು ಮೋಂಜಿ ಬಾಯಿ ತೆರೆದ. ಅತ್ತೆಯ ಮುಖದಲ್ಲಿ ಅಂಥ ಪ್ರೀತಿಯಿತ್ತು. ಅವನನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದ ಕೈಗಳು ಅವು. ಅವನು ಎಲ್ಲಿದ್ದಾನೆಂದು ಹುಡುಕದೆಯೇ ಹಿಡಿಯುತ್ತಿದ್ದ ಕೈಗಳು. ಅವನು ಗಂಟನ್ನು ಆಕೆಯ ತೊಡೆಯ ಮೇಲೆ ಇನ್ನಷ್ಟು ಸರಿಯಾಗಿ ಇಟ್ಟ. ಆಕೆ ತನ್ನ ಎದೆಯ ಮೇಲಿದ್ದ ಬೆಳ್ಳಿಯ ಮೀನನ್ನು ಬಿಚ್ಚಿ, ದೃಷ್ಟಿ ತಾಗದಿರಲಿ ಎಂದು ಹರಸಿ, ಲಾಂಛನದ ನಟ್ಟನಡುವೆ ಪಿನ್ನು ಚುಚ್ಚಿ ಸಿಕ್ಕಿಸಿದಳು.

ಮುಂದಿನ ಸಭೆಯಲ್ಲಿ ಸಾದೋಕ್ ಆ ಮೀನನ್ನು ನೋಡಿ ಹುಬ್ಬು ಗಂಟಿಕ್ಕಿದ. "ಇದು ಎಲ್ಲರ ಹತ್ರ ಇಲ್ಲ. ತೆಗಿ."

"ಅತ್ತೆ ಹರಸಿ ಹಾಕಿದ್ದು. ತೆಗೆಯೋ ಧೈರ್ಯ ನಿಮಗಿದ್ರೆ ನೀವೇ ತೆಗೀರಿ," ಅಂದ ಮೋಂಜಿ. ಕೂಟದಲ್ಲಿ ಅವನು ಆಡಿದ ಮೊದಲ ಗಟ್ಟಿ ಮಾತು ಅದು.

ತೊಂಬತ್ತು ದಾಟಿದ ಮುದುಕಿಯ ಹರಕೆಯನ್ನು ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಹಾಗಾದರೆ ಎಲ್ಲರ ಲಾಂಛನದಲ್ಲೂ ಒಂದೊಂದು ಮೀನು ಬರಬೇಕು ಎಂದಾಯಿತು. ಮೀನಿಗೆ ಜಾಗ ಬೇಕೆಂದರೆ ಅಳತೆ ದೊಡ್ಡದಾಗಬೇಕು. ದೊಡ್ಡದು ಮಾಡಲು ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮೋಂಜಿಯ ಮನೆಯಲ್ಲಿ ಸರದಿಯ ಮೇಲೆ ಉಂಡುಂಡು ಕೂಟದ ಅಷ್ಟೂ ಜನ ಊದಿಕೊಂಡಿದ್ದರು. ಸಾದೋಕನ ಕೋಟಿನ ಗುಂಡಿಗಳು ಒಂದಾದ ಮೇಲೊಂದು ಹಾರಿಹೋಗಿದ್ದವು. ಅವನ ಬೆನ್ನ ಮೇಲೆ ಲಾಂಛನ ಈಗ ಅಂಚೆಚೀಟಿಯ ಹಾಗೆ ಕಾಣುತ್ತಿತ್ತು. ಮೋಂಜಿ ಮಾತ್ರ ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಹಯಾತ್ ಮತ್ತೆ ಟೇಪು ತೆಗೆದಳು. ಮತ್ತೆ ಎದುರಿಗಿದ್ದದ್ದು ಸಾದೋಕನ ಬೆನ್ನೇ. ಈ ಸಲ ಮೂರು ಗೇಣು.

"ಇವರದ್ದೇನು ಮಾಡ್ಲಿ?" ಎಂದು ಮೋಂಜಿಯನ್ನು ತೋರಿಸಿ ಕೇಳಿದಳು. "ಇವರಿಗೆ ಇದು ಹಿಂದೆ ಹಿಡಿಯಲ್ಲ. ಕಂಕುಳು ದಾಟಿ ಮುಂದಕ್ಕೆ ಬರುತ್ತೆ."

"ಬರ್ಲಿ. ಎಲ್ಲರಿಗೂ ಒಂದೇ ಅಳತೆ," ಅಂದ ಸಾದೋಕ್.

ಅವಳು ಹೆಗಲು ಕುಣಿಸಿ ಕತ್ತರಿ ಎತ್ತಿಕೊಂಡಳು. ಮೋಂಜಿಯ ಕೋಟನ್ನು ಪೂರ್ತಿ ಬಿಚ್ಚಿ ಎಸೆದು, ಲಾಂಛನವನ್ನೇ ಅವನ ಮೈಸುತ್ತ ತಂದು, ಎದೆಯ ಮೇಲೆ ಎರಡು ತುದಿ ಸೇರುವಲ್ಲಿ ಗುಂಡಿ ಹಚ್ಚಿ, ಹೆಗಲಿಗೆ ಎರಡು ಪಟ್ಟಿ ಹೊಲಿದಳು. ಬೆಳ್ಳಿ ಮೀನಿನ ಪಿನ್ನು ಬಿಚ್ಚದೆ, ಅದು ಚುಚ್ಚಿದ್ದ ಹಳೆ ತುಂಡಿನ ಸಮೇತ ಹೊಸದರ ನಡುವೆ ಹೊಲಿದಳು. ಉಳಿದವರ ಕೋಟಿನ ಮೇಲೆ ಲಾಂಛನವಿತ್ತು. ಮೋಂಜಿಗೆ ಲಾಂಛನವೇ ಕೋಟು. ಗೆರೆ ಹಾಕಿದ ಹಾಗೆ ಅಕ್ಷರಗಳು ಅವನ ಸುತ್ತ ಓಡಿದವು.

ಆ ಭಾನುವಾರ ಸಿದಿ ಮನ್ಸೂರಿನ ದಂಡೆಯಲ್ಲಿ ಮೀನು ಸುಡುವವನು ಇಕ್ಕಳ ಹಿಡಿದುಕೊಂಡೇ ಎದ್ದು ಬಂದ. ಸಾದೋಕನ ಬೆನ್ನನ್ನು ಒಂದು ನೋಟದಲ್ಲಿ ಓದಿ ಮುಗಿಸಿದ. ಮೋಂಜಿಯ ಹತ್ತಿರ ಬಂದಾಗ ಅವನಿಗೆ ನಿಂತಲ್ಲಿಂದ ಓದಲಾಗಲಿಲ್ಲ. 'ಮೊಪೆಡ್ ಪ್ರಿಯರ' ಎಂದು ಓದುತ್ತ ಒಂದು ಸುತ್ತು ಬಂದ. 'ಸ್ನೇಹಕೂಟ' ಮುಗಿದ ಜಾಗದಲ್ಲೇ 'ಸ್ಫಾಕ್ಸ್ ಸಜ್ಜನರ' ಶುರುವಾಗಿತ್ತು, ಆದ್ದರಿಂದ ಅವನು ನಿಲ್ಲಲಿಲ್ಲ. ಎರಡನೇ ಸುತ್ತಿಗೆ ಅಲ್ಲಿ ಊಟಕ್ಕೆ ಬಂದಿದ್ದ ಒಂದು ಸಂಸಾರವೂ ಸೇರಿಕೊಂಡಿತು. ಎಂಟೂ ಕಾಲನ್ನು ಕಾಣಬೇಕೆಂದರೆ ಸುತ್ತಲೇಬೇಕಿತ್ತು. ಬಲೆ ಹೊಲಿಯುತ್ತಿದ್ದ ಇಬ್ಬರು ಬೆಸ್ತರು ಬಂದರು.

ಮೋಂಜಿ ಎರಡೂ ಕೈ ಮೇಲೆತ್ತಿ ನಿಂತಿದ್ದ. ಅಷ್ಟು ಜನ ತನ್ನನ್ನು ದಾಟಿ ಹೋಗದೆ ತನ್ನ ಸುತ್ತ ಬರುವುದನ್ನು ಅವನು ಕತ್ತು ತಿರುಗಿಸದೆ, ಉಸಿರು ಬಿಗಿಹಿಡಿದು ನೋಡುತ್ತಿದ್ದ. ತೋಳುಗಳು ನೋಯುತ್ತಿದ್ದವು.

"ಮೋಂಜಿ, ಬಾರೋ! ಮೀನು ಆರಿಹೋಗ್ತಿದೆ!" ಎಂದು ಸಾದೋಕ್ ಮೇಜಿನಿಂದ ಕೂಗಿದ.

"ತಡೀರಿ ಸೀ ಸಾದೋಕ್," ಅಂದ ಮೋಂಜಿ, "ಇವರು ಇನ್ನೂ ಓದಿ ಮುಗಿಸಿಲ್ಲ."