ಹರಿಯಬೇಕಾಗಿದ್ದ ಹೊಲಿಗೆ

ನಮ್ಮ ದೊಡ್ಡಮ್ಮ ಚರ್ಮದ ಸಾಮಾನು ಹೊಲಿಯುವವಳು. ತಾನು ಹೊಲಿದ ಚೀಲ ಹರಿದರೂ ಹೊಲಿಗೆ ಹರಿಯದು ಎಂಬ ಜಂಬ ಅವಳಿಗೆ. ಅದು ತಾತನಿಂದ ಬಂದ ಆಸ್ತಿ. ತಾತ ತೋಳಬೇಟೆಯ ಕಾಲದವನು. ಬೇಟೆನಾಯಿಗಳ ಕೊರಳಿಗೆ ಚೂಪು ಮೊಳೆ ಕೂರಿಸಿದ ಪಟ್ಟಿ ಮಾಡಿಕೊಡುತ್ತಿದ್ದ. ತೋಳ ಅಲ್ಲಿ ಬಾಯಿ ಹಾಕಿದರೆ ಅದರ ಬಾಯೇ ಸೀಳಬೇಕು. ಅಂಥದ್ದೊಂದು ಪಟ್ಟಿ ಇನ್ನೂ ಅಂಗಡಿಯ ಗೋಡೆಯ ಮೇಲಿತ್ತು.

ಬೇಟೆ ನಿಂತು, ತೋಳಗಳೇ ಅಪರೂಪವಾದ ಮೇಲೆ, ಒಬ್ಬ ಸಂಶೋಧಕಿ ಬಂದು ತೋಳಕ್ಕೇ ಪಟ್ಟಿ ಬೇಕೆಂದಳು. ಅದರಲ್ಲಿ ರೇಡಿಯೋ ಇಟ್ಟು, ತೋಳ ಎಲ್ಲೆಲ್ಲಿ ಓಡಾಡುತ್ತದೆಂದು ತಿಳಿಯುವುದು ಅವಳ ಕೆಲಸ. ನಡುವಿನ ಒಂದು ತುಂಡು ಮಾತ್ರ ಬರೀ ಹತ್ತಿಬಟ್ಟೆಯದಾಗಿರಬೇಕು, ಮಳೆಗೆ ಕೊಳೆತು ಪಟ್ಟಿ ತಾನಾಗಿ ಬೀಳಬೇಕು ಎಂದಳು. ದೊಡ್ಡಮ್ಮ ತಲೆಯಾಡಿಸಿದಳು. ಆದರೆ ಕೈ ಕೇಳಬೇಕಲ್ಲ? ಹರಿದುಹೋಗುವ ಮಾಲು ತನ್ನ ಅಂಗಡಿಯಿಂದ ಹೋಗುವುದೇ ಎಂದು, ಬಟ್ಟೆಯೊಳಗೆ ಯಾರಿಗೂ ಕಾಣದಂತೆ ಮಳೆಗೆ ಕೊಳೆಯದ ಮೇಣದ ದಾರದ ಎರಡು ಸಾಲು ಎಳೆದುಬಿಟ್ಟಳು.

ಪಟ್ಟಿ ಒಂದು ಎಳೆಯ ಹೆಣ್ಣುತೋಳದ ಕೊರಳೇರಿತು. ಅದಿನ್ನೂ ಬೆಳೆಯುತ್ತಿದೆ, ಪಟ್ಟಿ ಬೀಳದಿದ್ದರೆ ಉಸಿರು ಕಟ್ಟುತ್ತದೆ, ಅದಕ್ಕೇ ಹತ್ತಿ ಎಂದು ಸಂಶೋಧಕಿ ಮುಂದಿನ ಸಲ ಬಂದಾಗ ಮಾತಿನ ನಡುವೆ ಹೇಳಿದಳು. ದೊಡ್ಡಮ್ಮ ದಬ್ಬಣ ಕೆಳಗಿಟ್ಟಳು. ಮಾಡಿದ್ದನ್ನೆಲ್ಲ ಹೇಳಿಕೊಂಡಳು. ಸಂಶೋಧಕಿ ರೇಡಿಯೋ ಜಾಡು ಹಿಡಿದು ಎಷ್ಟು ಹುಡುಕಿದರೂ, ಓಡಾಡುತ್ತಲೇ ಇದ್ದ ತೋಳ ಬೋನಿಗೂ ಬೀಳಲಿಲ್ಲ, ಕಣ್ಣಿಗೂ ಬೀಳಲಿಲ್ಲ. ಚಳಿಗಾಲದ ಹೊತ್ತಿಗೆ ರೇಡಿಯೋ ಒಂದೇ ಜಾಗದಿಂದ ಕದಲದೆ ಸದ್ದು ಮಾಡತೊಡಗಿತು. ತನ್ನ ಜಂಬಕ್ಕೆ ಒಂದು ಜೀವ ಹೋಯಿತೆಂದು ದೊಡ್ಡಮ್ಮ ಊಟ ಬಿಟ್ಟಳು. ಸಮಾಧಾನ ಹೇಳಹೋದ ನಮಗೆ ಬೈಗುಳ ಸಿಕ್ಕಿತು.

ಸದ್ದಿನ ಜಾಡು ಹಿಡಿದು ಹೋದ ಸಂಶೋಧಕಿಗೆ ಸಿಕ್ಕಿದ್ದು ಬರೀ ಪಟ್ಟಿ. ದೊಡ್ಡಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹತ್ತಿ ಕೊಳೆತಿತ್ತು. ಮೇಣದ ದಾರ ಕೊಳೆತಿರಲಿಲ್ಲ, ಅದನ್ನು ಹಲ್ಲು ಕಡಿದಿತ್ತು. ಹಲ್ಲಿನ ಗುರುತೆಲ್ಲ ಹೊರಮೈಗೆ. ಒಳಮೈಯಲ್ಲಿ ಒಂದಿಷ್ಟು ಕೂದಲು ಬಿಟ್ಟರೆ ರಕ್ತದ ಕಲೆಯೂ ಇಲ್ಲ.

"ಅದೇ ಕಚ್ಚಿ ಬಿಡಿಸ್ಕೊಂಡಿತಾ?" ಎಂದಳು ದೊಡ್ಡಮ್ಮ.

"ತನ್ನ ಕೊರಳು ತನಗೆ ಎಟುಕಲ್ಲಮ್ಮ. ಗುಂಪಲ್ಲಿ ಇನ್ಯಾವುದೋ ಬಿಡಿಸಿದೆ. ಅಲ್ಲೀವರೆಗೂ ಇದು ಕೊರಳು ಕೊಟ್ಟು ಸುಮ್ನೆ ನಿಂತಿರ್ಬೇಕು."

ಯಾವ ಬಾಯಿಗೆ ಹೆದರಿ ಊರಿಗೆ ಊರೇ ಬೇಟೆಗೆ ಹೊರಟಿತ್ತೋ ಆ ಬಾಯಿ, ಇನ್ನೊಂದರ ಕೊರಳಿನ ಮೇಲೆ ಇಷ್ಟು ನಾಜೂಕಾಗಿ ಕೂತು ದೊಡ್ಡಮ್ಮನ ಹೊಲಿಗೆ ಬಿಚ್ಚಿತ್ತು.

ದೊಡ್ಡಮ್ಮ ಗೋಡೆಯಿಂದ ತಾತನ ಪಟ್ಟಿ ಇಳಿಸಿ, ಇಕ್ಕಳ ತೆಗೆದುಕೊಂಡು, ಮೊಳೆಗಳನ್ನು ಒಂದೊಂದಾಗಿ ಕೀಳತೊಡಗಿದಳು.