ಬೆಳಕಿಗೆ ಹೆದರಿದ ವರ್ಷ

ಉಡುಪಿಯ ಒಂದು ಸೀರೆ ಅಂಗಡಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಸೀರೆ ನೋಡಲು ಬಂದವರು ಅದನ್ನು ಬಿಡಿಸಿ ತೋರಿಸುವ ಕೈಯನ್ನೂ ನೋಡುತ್ತಾರೆ ಎಂದು ನನಗೆ ತಿಳಿದದ್ದು ಬೆರಳ ತುದಿಗಳು ಬೆಳ್ಳಗಾದ ಮೇಲೆ. ಮದುವೆ ಜವಳಿಗೆ ಬಂದ ಹೆಂಗಸೊಬ್ಬರು ನನ್ನ ಕೈಯಿಂದ ಸೆರಗು ತೆಗೆದುಕೊಳ್ಳಲು ಹೊರಟವರು ತಟ್ಟನೆ ಕೈ ಹಿಂದೆಳೆದುಕೊಂಡು, “ಅಲ್ಲೇ ಇಡಿ, ನಾನೇ ನೋಡ್ತೇನೆ” ಎಂದರು. ಅಷ್ಟರಲ್ಲಿ ನನ್ನ ಕುತ್ತಿಗೆಯಲ್ಲಿ ಒಂದು, ಎಡಗಣ್ಣಿನ ಕೆಳಗೆ ಒಂದು ಬಿಳಿ ಮಚ್ಚೆ ಮೂಡಿಯಾಗಿತ್ತು.

ತೊನ್ನು ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕಾಪುವಿನಲ್ಲಿದ್ದ ನನ್ನ ಚಿಕ್ಕಮ್ಮನಿಗೆ ಅದಿತ್ತು. ನಾನು ಸಣ್ಣವಳಿದ್ದಾಗ, ಯಾರೋ ಹೇಳಿದರೆಂದು ಅವರು ಕಾಲಿಗೆ ಬಾವಂಚಿ ಬೀಜದ ಎಣ್ಣೆ ಹಚ್ಚಿಕೊಂಡು ಅಂಗಳದ ಬಿಸಿಲಿನಲ್ಲಿ ಕುಳಿತಿದ್ದರು. ಮರುದಿನ ಕಾಲೆಲ್ಲ ನೀರುಗುಳ್ಳೆ. ಅವರ ನರಳಾಟ ಕೇಳಲಾರದೆ ನಾನು ಬಚ್ಚಲಿಗೆ ಓಡಿ ಕಿವಿ ಮುಚ್ಚಿಕೊಂಡಿದ್ದೆ. ಆಮೇಲೆ ಅವರು ಯಾರ ಮನೆಯ ಮದುವೆಗೂ ಬಂದದ್ದನ್ನು ನಾನು ನೋಡಲಿಲ್ಲ.

ಹಾಗಾಗಿ ಮಣಿಪಾಲದ ಚರ್ಮವೈದ್ಯೆ “ನಿಮಗೆ ಬೆಳಕಿನ ಚಿಕಿತ್ಸೆ ಮಾಡುವ” ಎಂದಾಗ ನನ್ನ ಕಣ್ಣಿಗೆ ಬಂದದ್ದು ಆ ನೀರುಗುಳ್ಳೆಗಳು. ಚಿಕ್ಕಮ್ಮನ ಸಂಗತಿ ಹೇಳಿಬಿಟ್ಟೆ.

“ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂತರೆ ಬೆಳಕಿಗೆ ಅಳತೆ ಎಲ್ಲಿ ಉಂಟು? ಅದಕ್ಕೇ ಸುಟ್ಟದ್ದು” ಎಂದರು ಅವರು. “ಇಲ್ಲಿ ಅಳೆದು ಕೊಡ್ತೇವೆ. ಎರಡು ದಾರಿ ಉಂಟು. ಒಂದು, ಸುತ್ತ ಟ್ಯೂಬ್‌ಲೈಟ್ ಇರುವ ಪೆಟ್ಟಿಗೆ. ಒಳಗೆ ನಿಂತರೆ ಇಡೀ ಮೈಗೆ ಬೆಳಕು ಬೀಳ್ತದೆ. ಇನ್ನೊಂದು ಲೇಸರ್, ಮಚ್ಚೆ ಇದ್ದಲ್ಲಿಗೆ ಮಾತ್ರ.”

“ಲೇಸರೇ ಆಗಲಿ ಮೇಡಂ.” ಪೆಟ್ಟಿಗೆಯ ಒಳಗೆ ನಿಲ್ಲುವುದು ನನಗೆ ಬೇಡವಾಗಿತ್ತು.

“ಒಂದೆರಡು ಮಚ್ಚೆಯಾಗಿ ಅಲ್ಲಿಗೇ ನಿಂತಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಬಣ್ಣ ಬೇಗ ಬರ್ತದೆ. ನಿಮ್ಮದು ಹರಡ್ತಾ ಉಂಟು. ಬೆನ್ನಲ್ಲಿಯೂ ಉಂಟು, ನೋಡಿದ್ದೀರಾ?”

ನಾನು ನೋಡಿರಲಿಲ್ಲ. ಕುಳಿತಲ್ಲೇ ಬೆನ್ನು ನನ್ನದಲ್ಲದ ಹಾಗೆ ಅನಿಸಿತು. ಬೆರಳುಗಳಿಗೆ ಬಣ್ಣ ಬರುತ್ತದೆಯೇ ಎಂದು ಕೇಳಿದೆ. ಬೆರಳ ತುದಿ ಈ ಎರಡು ಚಿಕಿತ್ಸೆಗೂ ಸುಲಭವಾಗಿ ಬಗ್ಗುವುದಿಲ್ಲ, ಮುಖ ಮತ್ತು ಕುತ್ತಿಗೆಯ ಮೇಲೆ ಭರವಸೆ ಇಡಿ ಎಂದರು.

ಕಾರ್ಕಳದಲ್ಲಿರುವ ಅತ್ತೆ ಫೋನಿನಲ್ಲಿ, “ಇದು ನಾಗದೋಷ. ಮೊದಲು ನಾಗನಿಗೆ ತಂಬಿಲದ ಪೂಜೆ ಕೊಡಿಸುವ. ಆಮೇಲೆ ಡಾಕ್ಟ್ರ ಹತ್ತಿರ ಹೋಗು, ನಾನು ಬೇಡ ಅನ್ನುದಿಲ್ಲ” ಎಂದರು. ಎರಡೂ ಆಯಿತು. ನನ್ನ ಗಂಡ ಬಸ್ಸಿನಲ್ಲಿ ಕಂಡಕ್ಟರ್. ಮೊದಲ ದಿನ ರಜೆ ಹಾಕಿ ಜೊತೆಗೆ ಬಂದರು.

ಆ ಪೆಟ್ಟಿಗೆ ಆಳೆತ್ತರದ ಗೋದ್ರೆಜ್ ಕಪಾಟಿನ ಹಾಗಿತ್ತು. ಬಟ್ಟೆ ತೆಗೆಸಿ, ಕಣ್ಣಿಗೆ ಕಪ್ಪು ಕನ್ನಡಕ ಕೊಟ್ಟು ಒಳಗೆ ನಿಲ್ಲಿಸಿ ಬಾಗಿಲು ಹಾಕಿದರು. ಫ್ಯಾನು ಗುಂಯ್ ಎಂದಿತು, ಸುತ್ತಲೂ ನೀಲಿ ಬೆಳಕು ಹೊತ್ತಿತು. ಮೈಮೇಲೆ ಗುಳ್ಳೆ ಏಳುತ್ತಿದೆ ಎಂದೇ ನನಗೆ ಅನಿಸಿ, ಬಾಗಿಲು ತಳ್ಳಿ, ಬಟ್ಟೆಯ ಪರಿವೆಯಿಲ್ಲದೆ ಹೊರಗೆ ಬಂದುಬಿಟ್ಟೆ. ನರ್ಸ್ ಬೈಯಲಿಲ್ಲ, ಒಂದು ಶಾಲು ಹೊದಿಸಿದರು. ಪರದೆಯ ಆಚೆಯಿಂದ ಗಂಡ, “ಎಂತ ಆಯ್ತು ಮಾರಾಯ್ತಿ? ನಾನು ಇಲ್ಲೇ ಇದ್ದೇನೆ. ಮಾತಾಡ್ತಾ ಇರ್ತೇನೆ, ನೀನು ಕೇಳ್ತಾ ನಿಲ್ಲು” ಎಂದರು. ಎರಡನೆಯ ಸಲ ಒಳಗೆ ಹೋದಾಗ ಅವರು ಉಡುಪಿಯಿಂದ ಕಾರ್ಕಳದವರೆಗಿನ ಸ್ಟಾಪುಗಳನ್ನು ಒಂದೊಂದಾಗಿ ಕೂಗತೊಡಗಿದರು. ಹಿರಿಯಡಕ ಬರುವ ಮೊದಲೇ ಬೆಳಕು ಆರಿತು.

ಆಮೇಲೆ ವಾರಕ್ಕೆ ಎರಡು ಸಲ ಒಬ್ಬಳೇ ಹೋದೆ. ಪ್ರತಿ ಸಲ ಬೆಳಕಿನ ಹೊತ್ತು ಸ್ವಲ್ಪ ಹೆಚ್ಚುತ್ತಿತ್ತು, ನನ್ನ ಭಯವೂ. ಒಮ್ಮೆ ಕುತ್ತಿಗೆ ಕೆಂಪಾಗಿ ಉರಿದಾಗ ಇಡೀ ದಿನ ಕನ್ನಡಿ ನೋಡದೆ ಕಳೆದೆ. ವೈದ್ಯೆ ಬೆಳಕನ್ನು ತಗ್ಗಿಸಿದರು, ಉರಿ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕುತ್ತಿಗೆಯ ಬಿಳುಪಿನ ನಡುವೆ ರಾಗಿ ಕಾಳಿನಷ್ಟು ಕಂದು ಚುಕ್ಕೆಗಳು ಕಂಡವು. ಹರಡುವುದೂ ನಿಂತಿತು. ಕಣ್ಣಿನ ಕೆಳಗೆ ಉಳಿದ ಚೂರಿಗೆ ಕೊನೆಗೆ ಲೇಸರ್ ಕೊಟ್ಟರು. ನಾನು ಮೊದಲು ಕೇಳಿಕೊಂಡಿದ್ದ ಆ ಲೇಸರ್ ಎಂದರೆ ಕಟಕ್ ಕಟಕ್ ಎನ್ನುವ ಒಂದು ಪುಟ್ಟ ತುದಿ, ಅಷ್ಟೆ.

ನಿಜವಾದ ಹೆದರಿಕೆ ಬಂದದ್ದು ಆಮೇಲೆ. ನನ್ನ ಪುಟ್ಟ ಮಗಳ ಕೆನ್ನೆಯಲ್ಲಿ ಮಸುಕು ಬಿಳಿಯ ಒಂದು ಮಚ್ಚೆ. ಶಾಲೆಗೆ ರಜೆ ಹಾಕಿಸಿ, ಮೊದಲ ಬಸ್ಸಿಗೇ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ವೈದ್ಯೆ ಕೋಣೆಯ ದೀಪ ಆರಿಸಿ, ನೇರಳೆ ಬೆಳಕಿನ ಸಣ್ಣ ದೀಪವೊಂದನ್ನು ಅವಳ ಕೆನ್ನೆಯ ಹತ್ತಿರ ಹಿಡಿದರು. ತೊನ್ನಾದರೆ ಅದರಲ್ಲಿ ಸುಣ್ಣದ ಹಾಗೆ ಹೊಳೆಯುತ್ತದೆಂದು ನನಗೆ ಗೊತ್ತಿತ್ತು, ನನ್ನ ಕೈ ಹಾಗೆ ಹೊಳೆದದ್ದನ್ನು ನೋಡಿದ್ದೆ. ನಾನು ಕಣ್ಣು ಮುಚ್ಚಿದೆ.

“ಹೊಳೆಯುದಿಲ್ಲ. ಇದು ಅದಲ್ಲ” ಎಂದರು ವೈದ್ಯೆ. “ಮಕ್ಕಳಿಗೆ ಚರ್ಮ ಒಣಗಿ ಹೀಗೆ ಆಗ್ತದೆ. ಕ್ರೀಮ್ ಹಚ್ಚಿ, ಸಾಕು.”

ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟೆ. ಮಗಳು ನನ್ನ ಬೆರಳು ಹಿಡಿದುಕೊಂಡು, “ಅಮ್ಮ, ಇದು ನನಗೆ ಬಂದ್ರೆ ನಾನು ಸಾಯ್ತೇನಾ?” ಎಂದು ಕೇಳಿದಳು.

“ಇಲ್ಲ ಮಗಾ.”

“ಮತ್ತೆ ನೀನು ಯಾಕೆ ಅಳುದು?”

ಕಣ್ಣು ಒರೆಸಿಕೊಂಡು ಎದ್ದೆ. ಅವಳಿಗೆ ಕ್ಯಾಂಟೀನಿನಲ್ಲಿ ಗೋಳಿಬಜೆ ತೆಗೆದುಕೊಟ್ಟೆ.

ಈಗ ನನ್ನ ಮುಖ ಮೊದಲಿನ ಬಣ್ಣಕ್ಕೆ ಬಂದಿದೆ. ಬೆರಳುಗಳು ಬೆಳ್ಳಗೆ ಉಳಿದಿವೆ, ಅದೇ ಕೈಯಲ್ಲಿ ಸೀರೆ ಬಿಡಿಸುತ್ತೇನೆ. ಯಾರಾದರೂ ಕೇಳಿದರೆ ಇದು ಅಂಟುವುದಿಲ್ಲ ಎಂದು ಧೈರ್ಯವಾಗಿಯೇ ಹೇಳುತ್ತೇನೆ. ಆದರೆ ಮಗಳ ತಲೆ ಬಾಚುವಾಗ ಅವಳ ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ನನ್ನ ಕಣ್ಣು ಹುಡುಕುತ್ತಲೇ ಇರುತ್ತದೆ. ಅವಳಿಗೆ ಗೊತ್ತಾಗದ ಹಾಗೆ ಹುಡುಕುವುದನ್ನು ಕಲಿತಿದ್ದೇನೆ.