ದೇವಣ್ಣನ ಕಾರಿನ ಉಪ್ಪಿನಕಾಯಿ ಜಾಡಿ

ಹನೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ದೇವಣ್ಣ ಒಳ್ಳೆಯ ಮನುಷ್ಯ. ಸ್ಟೇರಿಂಗ್ ಹಿಡಿಯುವವರೆಗೆ ಮಾತ್ರ. ತನ್ನ ಹಳೆಯ ಮಾರುತಿಯಲ್ಲಿ ಕೂತನೆಂದರೆ ಹಿಂದೆ ಆನೆ ಅಟ್ಟಿಸಿಕೊಂಡು ಬರುತ್ತಿದೆ ಎಂಬಂತೆ ಓಡಿಸುತ್ತಾನೆ. ಒಡೆಯರಪಾಳ್ಯದ ದಾರಿಯ ತಿರುವೊಂದರಲ್ಲಿ ಕಾರನ್ನು ಮೋರಿಗೆ ಇಳಿಸಿದ ಮೇಲೆ ಅವನ ಹೆಂಡತಿ ಅನಸೂಯಮ್ಮ ಅದರೊಳಗೆ ಕಾಲಿಡುವುದನ್ನೇ ಬಿಟ್ಟರು. ಆ ಕಡೆಯ ಹಳ್ಳಿಯಲ್ಲಿರುವ ತವರಿಗೆ, ಮಂಡಿ ನೋವಿದ್ದರೂ, ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬರುತ್ತಿದ್ದರು. ಪಕ್ಕದ ಸೈಕಲ್ ಅಂಗಡಿಯಲ್ಲಿ ಕೂತ ನನಗೆ ಗಂಡನ ಗೊಣಗಾಟವೂ ಹೆಂಡತಿಯ ದೂರೂ ತಪ್ಪುತ್ತಿರಲಿಲ್ಲ.

ಹೆಂಡತಿ ಕಾರು ಹತ್ತದಿರುವುದು ಪೆಟ್ರೋಲ್ ಉಳಿಸಲಿಕ್ಕೆ ಎಂದು ದೇವಣ್ಣ ಹೇಗೆ ತೀರ್ಮಾನಿಸಿದನೋ ಶಿವನೇ ಬಲ್ಲ. ಮೊಬೈಲಿನಲ್ಲಿ ಯಾರೋ ನೀರಿನಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಕುಡಿಸುವುದನ್ನು ನೋಡಿದವನೇ, ಆಕೆಯ ಮದುವೆಯ ಸ್ಟೀಲ್ ತಟ್ಟೆಗಳನ್ನು ಕತ್ತರಿಸಿದ. ಒಂದರ ಮೇಲೆ ಉಡುಗೊರೆ ಕೊಟ್ಟ ಆಕೆಯ ಅಣ್ಣನ ಹೆಸರು ಕೆತ್ತಿತ್ತು. ತುಂಡುಗಳನ್ನು ಉಪ್ಪಿನಕಾಯಿ ಜಾಡಿಯೊಳಗೆ ಇಳಿಬಿಟ್ಟು, ಅದನ್ನು ಬಾನೆಟ್ಟಿನಡಿ ಕೂರಿಸಿ, ಸೋಡಾಪುಡಿ ಕಲಸಿದ ನೀರು ತುಂಬಿ, ಬ್ಯಾಟರಿಯಿಂದ ವೈರು ಎಳೆದು, ಎಂಜಿನ್ನಿಗೊಂದು ಪೈಪು ಕೊಟ್ಟ. ಸೋಡಾ ಕಮ್ಮಿಯಾದರೆ ಗುಳ್ಳೆ ಏಳದು, ಹೆಚ್ಚಾದರೆ ವೈರು ಕಾದು ನಾರುತ್ತದೆ. ಇದನ್ನು ಹದಕ್ಕೆ ತರಲು ಇಡೀ ಬೇಸಿಗೆ ಹಿಡಿಯಿತು. ಅಷ್ಟರಲ್ಲಿ ಊರಿನ ಅರ್ಧ ಬೋರ್‌ವೆಲ್ ಮೋಟರುಗಳು ರಿಪೇರಿ ಕಾಣದೆ ಅವನ ಅಂಗಡಿಯಲ್ಲಿ ಮಲಗಿದ್ದವು.

ಕೊನೆಗೂ ಒಂದು ತೊಂದರೆ ಉಳಿಯಿತು. ಜೋರಾಗಿ ಓಡಿಸಿದರೆ ಜಾಡಿಯ ನೀರು ತುಳುಕಿ, ಪೈಪಿಗೆ ನುಗ್ಗಿ, ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಹಾಗಾಗಿ ದೇವಣ್ಣ ಬಾಣಂತಿಯನ್ನು ಕೂರಿಸಿಕೊಂಡವನಂತೆ ಓಡಿಸತೊಡಗಿದ. ಇದನ್ನು ಕೆಲವು ದಿನ ಬಾಗಿಲಲ್ಲಿ ನಿಂತು ನೋಡಿದ ಅನಸೂಯಮ್ಮ, ಒಂದು ಬೆಳಿಗ್ಗೆ ತವರಿಗೆಂದು ಕಾರಿನಲ್ಲಿ ಕೂತೇಬಿಟ್ಟರು. ಮೈಲೇಜಿಗೆ ಸಾಕ್ಷಿಯೆಂದು ದೇವಣ್ಣ ನನ್ನನ್ನೂ ಹಿಂದೆ ತುರುಕಿದ. ಹಿಂದೆ ಮೋರಿಗೆ ಇಳಿದಿದ್ದ ಆ ತಿರುವು ಬಂದಾಗ ನಾನು ಸೀಟು ಹಿಡಿದುಕೊಂಡೆ. ಆಕೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು.

ವಾಪಸು ಬರುತ್ತಾ ಪೆಟ್ರೋಲ್ ಹಾಕಿಸಿದಾಗ ನೋಡಿದರೆ ಮೈಲೇಜ್ ನಿಜಕ್ಕೂ ಏರಿತ್ತು. ಮನೆ ಮುಂದೆ ಕಾರು ನಿಲ್ಲಿಸಿದವನೇ ದೇವಣ್ಣ ಟೀ ಅಂಗಡಿಗೆ ಸುದ್ದಿ ಮುಟ್ಟಿಸಲು ಓಡಿದ. ನಾನು ಬಾನೆಟ್ ಎತ್ತಿದೆ. ಬ್ಯಾಟರಿಯಿಂದ ಜಾಡಿಗೆ ಎಳೆದಿದ್ದ ವೈರು ಕಳಚಿ ತೂಗಾಡುತ್ತಿತ್ತು. ಜಾಡಿಯಲ್ಲಿ ಒಂದು ಗುಳ್ಳೆಯೂ ಇಲ್ಲ.

"ಸುಮ್ಕಿರಿ ಅಣ್ಣ," ಅನಸೂಯಮ್ಮ ಪಿಸುಗುಟ್ಟಿದರು. "ಒರಡೋವಾಗ ಅವ್ರು ಬಾನೆಟ್ ಮುಚ್ತಿದ್ದಾಗ್ಲೇ ನೋಡ್ದೆ. ಅವ್ರಿಗೆ ಏಳ್ಬ್ಯಾಡಿ. ಆ ನೀರು ಚೆಲ್ತದೆ ಅಂತ ತಾನೇ ನಿಧಾನಕ್ಕೆ ಓಡ್ಸದು?"

ವೈರನ್ನು ತಾವೇ ಸಿಕ್ಕಿಸಿದರು. ಆ ಮುಖದ ನೆಮ್ಮದಿ ಕಂಡು ನನಗೂ ಸಂತೋಷವಾಯಿತು, ಬಾನೆಟ್ ಮುಚ್ಚಿದೆ.

ಅಷ್ಟರಲ್ಲಿ ದೇವಣ್ಣ ಹೊಸ ಯೋಚನೆ ಹೊತ್ತು ಬಂದ. "ಅನ್ಸೂಯ, ಇನ್ನೊಂದು ತಟ್ಟೆ ಕೊಡು. ಆ ದೊಡ್ಡ ಜಾಡೀನೂ ಕೊಟ್ಬುಡು. ಅದು ಎತ್ತರ ಅದೆ, ನೀರು ಪೈಪಿಗೆ ಎಟುಕಕಿಲ್ಲ. ಆಮೇಲೆ ಎಷ್ಟು ಜೋರಾಗ್ ಬೇಕಾರೂ ಓಡುಸ್ಬೋದು!"

ಬೇಸಿಗೆಯೆಲ್ಲ ತಟ್ಟೆಗಳಿಗಾಗಿ ಮುನಿದಿದ್ದ ಅನಸೂಯಮ್ಮ ಒಳಗೆ ಹೋಗಿ, ತಮ್ಮ ಅವ್ವನ ಹೆಸರು ಕೆತ್ತಿದ ತಟ್ಟೆಯನ್ನೇ ತಂದು ಅವನ ಕೈಗಿಟ್ಟರು.

"ತಟ್ಟೆ ಬೇಕಾದಷ್ಟು ತಕಳಿ. ಜಾಡಿ ಮಾತ್ರ ಕೇಳ್ಬ್ಯಾಡಿ, ಅದ್ರಲ್ಲಿ ಮಾವಿನಕಾಯಿ ಆಕಿವ್ನಿ."

ಆ ಜಾಡಿ ಜಗುಲಿಯ ಮೇಲೆ, ತೊಳೆದು ಬೋರಲು ಹಾಕಿದ್ದು, ಬಿಸಿಲಿಗೆ ಒಣಗುತ್ತಿತ್ತು. ನಾನು ಮೆಲ್ಲಗೆ ಸರಿದು ಅದಕ್ಕೆ ಅಡ್ಡವಾಗಿ ನಿಂತೆ.